ದಿವಾಳಿ ಅರ್ಜಿ ಹಾಕುವ ಮುಂಚೆ: ಸರಿಯಾದ ವಕೀಲರನ್ನು ಆರಿಸಿಕೊಳ್ಳುವುದು ಹೇಗೆ?

ಸಾಲ ಕೈ ಮೀರಿದವರಿಗೆ ಕೋರ್ಟ್ ಎದುರಿನ ಟೀ ಅಂಗಡಿಯಲ್ಲಿ ಒಂದು ಸಲಹೆ ಪುಕ್ಕಟೆ ಸಿಗುತ್ತದೆ: "ಸುಮ್ನೆ ಪಾಪರ್ ಚೀಟಿ ತಗೊಂಡುಬಿಡಿ ಸಾರ್, ಎಲ್ಲಾ ಮುಗಿದುಹೋಗುತ್ತೆ." ಎಲ್ಲಾ ಮುಗಿಯುವುದಿಲ್ಲ. ಕೆಲವು ಸಾಲ ತೀರುತ್ತವೆ. ಕೆಲವು ಹಾಗೇ ಉಳಿಯುತ್ತವೆ. ಇನ್ನು ಕೆಲವು ನಿಮ್ಮ ಮನೆ ಬಿಟ್ಟು, ಜಾಮೀನು ಹಾಕಿದ ಭಾವಮೈದುನನ ಬಾಗಿಲಿಗೆ ಹೋಗಿ ನಿಲ್ಲುತ್ತವೆ. ಯಾವುದು ಯಾವ ಕಡೆ ಎಂದು ಮೊದಲ ಭೇಟಿಯಲ್ಲೇ ಬಿಡಿಸಿ ಹೇಳುವವರೇ ನಿಮಗೆ ಬೇಕಾದ ವಕೀಲರು. ಅಂಥವರನ್ನು ಹುಡುಕುವುದು, ಪರೀಕ್ಷಿಸುವುದು, ಗೊತ್ತು ಮಾಡುವುದು ಹೇಗೆ ಎಂದು ಇಲ್ಲಿ ಹೇಳುತ್ತೇನೆ. ಇದು ಕರ್ನಾಟಕದಲ್ಲಿ ಸ್ವಂತ ಹೆಸರಿನ ಸಾಲಕ್ಕೆ ದಿವಾಳಿ ಅರ್ಜಿ ಹಾಕುವವರಿಗೆ. ಕಂಪನಿ ದಿವಾಳಿಯ ದಾರಿ ಬೇರೆ.

ಮೊದಲು: ಯಾವ ಕಾನೂನು ಎಂದು ನಿಮಗೂ ಗೊತ್ತಿರಲಿ

2016ರ ಇನ್‌ಸಾಲ್ವೆನ್ಸಿ ಅಂಡ್ ಬ್ಯಾಂಕ್ರಪ್ಟ್ಸಿ ಕೋಡ್ ಬಗ್ಗೆ ಪೇಪರಿನಲ್ಲಿ ಓದಿರುತ್ತೀರಿ. ಅದರ ಮೂರನೇ ಭಾಗ ವ್ಯಕ್ತಿಗಳ ದಿವಾಳಿಗೆಂದೇ ಇದೆ. ಆದರೆ ಆ ಭಾಗ ಸಾಮಾನ್ಯ ಜನರಿಗೆ ಇನ್ನೂ ಜಾರಿಗೆ ಬಂದಿಲ್ಲ. ಒಂದು ಗುಂಪಿಗೆ ಮಾತ್ರ ಬಂದಿದೆ: ಕಂಪನಿಯ ಸಾಲಕ್ಕೆ ವೈಯಕ್ತಿಕವಾಗಿ ಜಾಮೀನು ನಿಂತವರಿಗೆ, ಅದೂ 2019ರ ಡಿಸೆಂಬರ್ 1ರಿಂದ. ಆ ಕಂಪನಿಯ ನೋಂದಾಯಿತ ಕಚೇರಿ ಕರ್ನಾಟಕದಲ್ಲಿದ್ದರೆ, ಅವರ ಅರ್ಜಿ ಕಂಪನಿ ಕೇಸುಗಳ ನ್ಯಾಯಮಂಡಳಿಯಾದ ಎನ್‌ಸಿಎಲ್‌ಟಿಯ ಬೆಂಗಳೂರು ಪೀಠಕ್ಕೆ ಹೋಗುತ್ತದೆ.

ಉಳಿದ ನಮಗೆಲ್ಲ ಇರುವುದು 1920ರ ಪ್ರಾವಿನ್ಷಿಯಲ್ ಇನ್‌ಸಾಲ್ವೆನ್ಸಿ ಆ್ಯಕ್ಟ್. ಅದರ ಅರ್ಜಿ ಹೋಗುವುದು ಜಿಲ್ಲೆಯ ಕೋರ್ಟಿಗೆ. ಸಾಲ ಐನೂರು ರೂಪಾಯಿ ಮುಟ್ಟಿದ್ದರೆ ಅರ್ಜಿ ಹಾಕಬಹುದು ಎಂದು ಈ ಕಾನೂನಿನಲ್ಲಿ ಇವತ್ತಿಗೂ ಇದೆ. ಕಾನೂನಿನ ವಯಸ್ಸು ಇದರಿಂದಲೇ ಗೊತ್ತಾಗುತ್ತದೆ ಅಲ್ವಾ? ಹಣದ ಡಿಕ್ರಿ (ಹಣ ಕೊಡಬೇಕೆಂಬ ಕೋರ್ಟ್ ತೀರ್ಪು) ಜಾರಿಯಲ್ಲಿ ನಿಮ್ಮ ಬಂಧನವಾಗಿದ್ದರೆ, ಅಥವಾ ನಿಮ್ಮ ಆಸ್ತಿ ಜಪ್ತಿಗೆ ಆದೇಶವಾಗಿದ್ದರೆ, ಆಗಲೂ ಹಾಕಬಹುದು. ಮೂರಕ್ಕೂ ಒಂದು ಷರತ್ತು: ಸಾಲ ತೀರಿಸಲು ನಿಮ್ಮ ಕೈಲಿ ನಿಜಕ್ಕೂ ಆಗುತ್ತಿಲ್ಲ ಎಂಬುದು ಕೋರ್ಟಿಗೆ ಕಾಣಬೇಕು.

ಇದನ್ನು ಯಾಕೆ ಮೊದಲೇ ಹೇಳುತ್ತಿದ್ದೇನೆ ಅಂದರೆ, ಇದೇ ನಿಮ್ಮ ಮೊದಲ ಜರಡಿ. ಬರೀ ಕ್ರೆಡಿಟ್ ಕಾರ್ಡ್, ಪರ್ಸನಲ್ ಲೋನ್, ಕೈಸಾಲದಲ್ಲಿ ಮುಳುಗಿರುವ ನಿಮಗೆ "ಎನ್‌ಸಿಎಲ್‌ಟಿಗೆ ಹಾಕಿಬಿಡೋಣ" ಎಂದು ಯಾರಾದರೂ ಹೇಳಿದರೆ, ಅವರಿಗೆ ಈ ವಿಷಯ ಗೊತ್ತಿಲ್ಲ. ನಮಸ್ಕಾರ ಹೇಳಿ ಎದ್ದು ಬನ್ನಿ. ನಿಮ್ಮದು ಕಂಪನಿ ಸಾಲಕ್ಕೆ ಹಾಕಿದ ಜಾಮೀನಾಗಿದ್ದು, ವಕೀಲರು ಜಿಲ್ಲಾ ಕೋರ್ಟಿನ ಮಾತಾಡಿದರೆ ಆಗಲೂ ಅಷ್ಟೇ.

ಎರಡನೆಯದು: ಒಂದು ಹಾಳೆ ತಯಾರು ಮಾಡಿ

ಖಾಲಿ ಕೈಯಲ್ಲಿ ವಕೀಲರ ಆಫೀಸಿಗೆ ಹೋದರೆ ಅರ್ಧ ಗಂಟೆ ಕಷ್ಟಸುಖ ಮಾತಾಡಿ ವಾಪಸ್ ಬರುತ್ತೀರಿ, ಅಷ್ಟೇ. ಎಷ್ಟೇ ನಾಚಿಕೆಯಾದರೂ ಎಲ್ಲ ಸಾಲವನ್ನೂ ಬರೆಯಿರಿ. ಅರ್ಜಿಯಲ್ಲಿ ಸಾಲ ಕೊಟ್ಟ ಪ್ರತಿಯೊಬ್ಬರ ಹೆಸರು, ವಿಳಾಸ, ಮೊತ್ತ ಕೊಡಲೇಬೇಕು. ಆಸ್ತಿಯ ವಿವರ ಮತ್ತು ಬೆಲೆಯನ್ನೂ ಕೊಡಬೇಕು. ಹಾಗಾಗಿ ಈ ಕೆಲಸ ವ್ಯರ್ಥವಾಗುವುದಿಲ್ಲ.

ದಾವಣಗೆರೆಯಲ್ಲಿ ಬಟ್ಟೆ ಅಂಗಡಿ ಇಟ್ಟು ಸೋತವರೊಬ್ಬರ ಹಾಳೆ ಹೇಗಿರುತ್ತದೆ ಎಂದು ಕಲ್ಪಿಸಿಕೊಳ್ಳೋಣ. ಮನೆ ಅಡಮಾನ ಇಟ್ಟು ತೆಗೆದ ಬ್ಯಾಂಕ್ ಸಾಲ. ಎರಡು ಕ್ರೆಡಿಟ್ ಕಾರ್ಡ್. ಪರ್ಸನಲ್ ಲೋನ್ ಒಂದು, ಅದಕ್ಕೆ ಹೆಂಡತಿಯ ಅಣ್ಣ ಜಾಮೀನು. ಸೂರತ್ತಿನ ಸಗಟು ವ್ಯಾಪಾರಿಗೆ ಕೊಟ್ಟ ಚೆಕ್ ಬೌನ್ಸ್ ಆಗಿ ನಡೆಯುತ್ತಿರುವ ಕೇಸು. ಜಿಎಸ್‌ಟಿ ಬಾಕಿ. ಪಕ್ಕದ ಬೀದಿಯವರ ಹತ್ತಿರ ಪ್ರೊನೋಟ್ ಬರೆದುಕೊಟ್ಟು ತೆಗೆದುಕೊಂಡ ಕೈಸಾಲ. ಎತ್ತಿಕೊಂಡ ಮೇಲೆ ಕಟ್ಟದೇ ಬಿಟ್ಟ ಚೀಟಿ ದುಡ್ಡು.

ಈ ಹಾಳೆಯ ಒಂದೊಂದು ಸಾಲಿನ ಹಣೆಬರಹವೂ ಬೇರೆ. ಮನೆ ಅಡಮಾನದ ಸಾಲಕ್ಕೆ ದಿವಾಳಿ ಅರ್ಜಿ ಅಡ್ಡ ಬರುವುದಿಲ್ಲ, ಬ್ಯಾಂಕಿನವರು ಮನೆಯ ಮೇಲೆ ತಮ್ಮ ಹಕ್ಕು ಚಲಾಯಿಸಬಹುದು. ಚೆಕ್ ಬೌನ್ಸ್ ಕ್ರಿಮಿನಲ್ ಕೇಸು, ಅದು ತನ್ನ ಪಾಡಿಗೆ ನಡೆಯುತ್ತದೆ. ಸರ್ಕಾರಕ್ಕೆ ಕೊಡಬೇಕಾದ ಬಾಕಿ ಕೊನೆಗೆ ಕೋರ್ಟಿನಿಂದ ಸಾಲದ ಬಿಡುಗಡೆ ಸಿಕ್ಕರೂ ಹೋಗುವುದಿಲ್ಲ. ಕೋರ್ಟ್ ಆದೇಶದ ಜೀವನಾಂಶವೂ, ಮೋಸದಿಂದ ಮಾಡಿದ ಸಾಲವೂ ಹಾಗೇ. ಪರ್ಸನಲ್ ಲೋನಿನಿಂದ ನಿಮಗೆ ಬಿಡುಗಡೆ ಸಿಗಬಹುದು, ಆದರೆ ಜಾಮೀನುದಾರರಿಗೆ ಸಿಗುವುದಿಲ್ಲ. ಕಾರ್ಡು, ಕೈಸಾಲ, ಚೀಟಿ ಬಾಕಿಗೆ ಮಾತ್ರ ಈ ಕಾನೂನಿನಿಂದ ನೇರ ಉಪಯೋಗ.

ಹಾಳೆಯ ಜೊತೆ ಇವಿಷ್ಟು ಇರಲಿ: ಬಂದಿರುವ ಎಲ್ಲ ನೋಟಿಸು ಮತ್ತು ಸಮನ್ಸು, ಬ್ಯಾಂಕ್ ಸ್ಟೇಟ್‌ಮೆಂಟು, ಸಂಬಳದ ಚೀಟಿ ಅಥವಾ ಅಂಗಡಿಯ ಲೆಕ್ಕದ ಪುಸ್ತಕ, ಆಸ್ತಿಯ ಖಾತೆ ಅಥವಾ ಪಹಣಿ, ಇಸಿ (ಋಣಭಾರ ಪ್ರಮಾಣಪತ್ರ). ಮೂಲ ಪತ್ರ ಮನೆಯಲ್ಲಿರಲಿ, ಜೆರಾಕ್ಸ್ ಒಯ್ಯಿರಿ.

ಮೂರನೆಯದು: ಎಲ್ಲಿ ಹುಡುಕುವುದು

"ನಮ್ಮ ಸೈಟ್ ಕೇಸು ನೋಡಿದ ವಕೀಲರು ಇದ್ದಾರೆ, ತುಂಬಾ ಒಳ್ಳೆಯವರು" ಎಂದು ನೆಂಟರು ಹೇಳುತ್ತಾರೆ. ಒಳ್ಳೆಯವರೇ ಇರಬಹುದು. ಆದರೆ ದಿವಾಳಿ ಅರ್ಜಿ ಅಪರೂಪದ ಕೇಸು. ಇಪ್ಪತ್ತು ವರ್ಷ ವಕೀಲಿಕೆ ಮಾಡಿ ಒಂದೂ ದಿವಾಳಿ ಅರ್ಜಿ ಹಾಕದವರು ಇರುತ್ತಾರೆ. ಹಾಗಾಗಿ ಹೆಸರಿಗಿಂತ ದಾಖಲೆ ಹಿಡಿದು ಹುಡುಕಿ.

ಇದಕ್ಕೆ ಒಂದು ದಾರಿ ಇದೆ, ಜಾಸ್ತಿ ಜನ ಬಳಸುವುದಿಲ್ಲ. ಇ-ಕೋರ್ಟ್ಸ್ ವೆಬ್‌ಸೈಟಿನಲ್ಲಿ ಕೇಸ್ ಸ್ಟೇಟಸ್ ಹುಡುಕುವಾಗ ಕಕ್ಷಿದಾರರ ಹೆಸರಷ್ಟೇ ಅಲ್ಲ, ಕಾಯ್ದೆಯ ಹೆಸರು ಹಾಕಿಯೂ ಹುಡುಕಬಹುದು. ನಿಮ್ಮ ಜಿಲ್ಲೆ ಮತ್ತು ಕೋರ್ಟ್ ಸಂಕೀರ್ಣ ಆರಿಸಿ, ಕಾಯ್ದೆ ಎಂಬ ಕಡೆ ಇನ್‌ಸಾಲ್ವೆನ್ಸಿ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ. ನಡೆಯುತ್ತಿರುವ ಕೇಸು, ಮುಗಿದ ಕೇಸು ಎರಡನ್ನೂ ನೋಡಿ. ಒಂದೊಂದನ್ನು ತೆರೆದರೆ ಅರ್ಜಿದಾರರ ಪಕ್ಕದಲ್ಲಿ ವಕೀಲರ ಹೆಸರಿರುತ್ತದೆ, ಕೆಳಗೆ ಡೇಟುಗಳ ಪಟ್ಟಿ ಇರುತ್ತದೆ. ಅದೇ ಹೆಸರು ಎರಡು ಮೂರು ಕಡೆ ಬಂದರೆ ಬರೆದುಕೊಳ್ಳಿ. ಆ ಕೇಸು ಹೇಗೆ ಮುಗಿಯಿತು ಎಂದೂ ನೋಡಿ. "ಅರ್ಜಿದಾರ ಗೈರು, ವಜಾ" ಎಂಬ ಅರ್ಥದ ಆದೇಶವೇ ಮತ್ತೆ ಮತ್ತೆ ಕಂಡರೆ ಸ್ವಲ್ಪ ಯೋಚಿಸಿ. ಕಕ್ಷಿದಾರರೇ ಕೈಬಿಟ್ಟಿರಬಹುದು, ವಕೀಲರೂ ಬಿಟ್ಟಿರಬಹುದು.

ನಿಮ್ಮ ಜಿಲ್ಲೆಯಲ್ಲಿ ಅಂಥ ಕೇಸೇ ಸಿಗದಿದ್ದರೆ ಗಾಬರಿ ಬೇಡ. ಹಣದ ದಾವೆ ಮತ್ತು ಡಿಕ್ರಿ ಜಾರಿ ಕೇಸುಗಳನ್ನು ದಿನಾ ನಡೆಸುವ ಸಿವಿಲ್ ವಕೀಲರನ್ನು ನೋಡಿ. ಜಪ್ತಿ, ವಾರಂಟ್, ರಿಸೀವರ್ (ಆಸ್ತಿ ನೋಡಿಕೊಳ್ಳಲು ಕೋರ್ಟ್ ನೇಮಿಸುವವರು) ಇವೆಲ್ಲ ಅವರಿಗೆ ರೂಢಿ ಇರುತ್ತದೆ. ಅದರಲ್ಲೂ ಸಾಲ ಮಾಡಿದವರ ಪರ ನಿಂತು ಅಭ್ಯಾಸ ಇರುವವರು ಸಿಕ್ಕರೆ ಇನ್ನೂ ವಾಸಿ. ಬರೀ ಕ್ರಿಮಿನಲ್ ಅಥವಾ ಬರೀ ರಿಜಿಸ್ಟ್ರೇಷನ್ ಕೆಲಸ ಮಾಡುವವರು ಬೇಡ.

ಫೀಸು ಕೊಡುವ ಶಕ್ತಿಯೇ ಇಲ್ಲ ಎನ್ನುವವರು ಕೋರ್ಟ್ ಆವರಣದಲ್ಲೇ ಇರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ, ಇಲ್ಲವೇ ತಾಲ್ಲೂಕು ಸಮಿತಿಗೆ ಹೋಗಿ. 1987ರ ಕಾಯ್ದೆಯ ಪ್ರಕಾರ ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕಾರ್ಖಾನೆ ಕಾರ್ಮಿಕರು ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರಿಗೆ ಅರ್ಹರು. ಉಳಿದವರಿಗೆ ಆದಾಯದ ಮಿತಿ ಇದೆ. ಸಹಾಯವಾಣಿ 15100. ಪುಕ್ಕಟೆ ವಕೀಲರು ಅಂದರೆ ಕಳಪೆ ಅನ್ನುವ ಮಾತು ನನಗಂತೂ ಒಪ್ಪಿಗೆಯಿಲ್ಲ. ಕೆಳಗಿನ ಪ್ರಶ್ನೆಗಳನ್ನು ಅವರಿಗೂ ಕೇಳಿ, ಉತ್ತರ ನೋಡಿ ತೀರ್ಮಾನಿಸಿ.

ಇನ್ನೊಂದು ಗುಂಪಿನಿಂದ ದೂರ ಇರಿ. "ನಿಮ್ಮ ಸಾಲ ಅರ್ಧಕ್ಕೆ ಇಳಿಸುತ್ತೇವೆ, ರಿಕವರಿ ಕಾಲ್ ನಾಳೆಯಿಂದಲೇ ಬಂದ್" ಎಂದು ಫೋನಿನಲ್ಲಿ ಜಾಹೀರಾತು ಹಾಕಿ, ತಿಂಗಳು ತಿಂಗಳು ಚಂದಾ ಕೇಳುವವರು. ಬಾರ್ ಕೌನ್ಸಿಲ್ ಆಫ್ ಇಂಡಿಯಾ ನಿಯಮದ ಪ್ರಕಾರ ವಕೀಲರು ಜಾಹೀರಾತು ಕೊಟ್ಟು ಕೇಸು ಹಿಡಿಯುವಂತಿಲ್ಲ. ಜಾಹೀರಾತು ಕೊಟ್ಟವರು ವಕೀಲರಾಗಿದ್ದರೆ ಅವರು ನಿಯಮ ಮುರಿದಿದ್ದಾರೆ. ವಕೀಲರಲ್ಲದಿದ್ದರೆ ಕೋರ್ಟಿನಲ್ಲಿ ನಿಮ್ಮ ಪರ ನಿಲ್ಲುವ ಅಧಿಕಾರವೇ ಅವರಿಗಿಲ್ಲ. ರಿಕವರಿಯವರ ಕಾಟಕ್ಕೆ ಅಂಥವರು ಬೇಕಾಗಿಯೂ ಇಲ್ಲ. ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ವಸೂಲಿಗೆ ಫೋನ್ ಮಾಡಬಾರದು ಎಂದು ರಿಸರ್ವ್ ಬ್ಯಾಂಕ್ 2022ರಲ್ಲೇ ಬ್ಯಾಂಕು, ಫೈನಾನ್ಸ್ ಕಂಪನಿಗಳಿಗೆ ಹೇಳಿದೆ. ಮೈಕ್ರೋ ಫೈನಾನ್ಸ್ ಮತ್ತು ಸಣ್ಣ ಸಾಲದವರ ದೌರ್ಜನ್ಯದ ವಿರುದ್ಧ ರಾಜ್ಯ ಸರ್ಕಾರ 2025ರಲ್ಲಿ ಕಾನೂನು ತಂದಿದೆ. ಪೊಲೀಸ್ ಠಾಣೆಗೆ ದೂರು ಕೊಡಬಹುದು.

ನಾಲ್ಕನೆಯದು: ಸನ್ನದು ನೋಡಿ

ಸನ್ನದು ಅಂದರೆ ವಕೀಲಿಕೆ ಮಾಡಲು ಇರುವ ಪರವಾನಗಿ. ಅದನ್ನು ನೋಡುವುದು ಐದು ನಿಮಿಷದ ಕೆಲಸ. ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿನಲ್ಲಿ ನೋಂದಾಯಿಸಿದವರಿಗೆ "ಕೆಎಆರ್", ಒಂದು ಸಂಖ್ಯೆ, ನೋಂದಣಿಯಾದ ವರ್ಷ ಹೀಗೆ ಮೂರು ಭಾಗದ ನಂಬರು ಇರುತ್ತದೆ. ಸಂಕೋಚವಿಲ್ಲದೆ ಕೇಳಿ. ಆ ನಂಬರು ಅಥವಾ ಹೆಸರು ಹಾಕಿ ಇ-ಕೋರ್ಟ್ಸ್‌ನಲ್ಲಿ ಹುಡುಕಿದರೆ ಅವರ ಕೈಯಲ್ಲಿರುವ ಕೇಸುಗಳು ಕಾಣುತ್ತವೆ.

ಐದನೆಯದು: ಮೊದಲ ಭೇಟಿ

ಇಬ್ಬರು ಅಥವಾ ಮೂವರು ವಕೀಲರನ್ನು ನೋಡಿ. ಮೊದಲ ಮಾತುಕತೆಗೆ ಫೀಸು ಇದೆಯೇ ಎಂದು ಫೋನಿನಲ್ಲೇ ಕೇಳಿಕೊಳ್ಳಿ. ಇದ್ದರೂ ಕೊಡುವುದು ಒಳ್ಳೆಯದು. ಬೆಳಿಗ್ಗೆ ಕೋರ್ಟಿಗೆ ಓಡುವ ಹೊತ್ತಿನಲ್ಲಿ ಹಿಡಿಯಬೇಡಿ. ಸಂಜೆ ಆರರ ಮೇಲೆ ಆಫೀಸಿನಲ್ಲಿ ಸಿಗುತ್ತಾರೆ.

ನೀವು ಪ್ರಶ್ನೆ ಕೇಳುವ ಮುಂಚೆ, ಅವರು ಏನು ಕೇಳುತ್ತಾರೆ ಎಂದು ಗಮನಿಸಿ. ವಿಷಯ ಗೊತ್ತಿರುವವರು ನಿಮ್ಮ ಹಾಳೆ ತೆಗೆದುಕೊಂಡು, ಪೆನ್ನು ಹಿಡಿದು, ಒಂದೊಂದು ಸಾಲಕ್ಕೂ ಪಕ್ಕದಲ್ಲಿ ಗುರುತು ಹಾಕುತ್ತಾ ಹೋಗುತ್ತಾರೆ. "ಇದಕ್ಕೆ ಅಡಮಾನ ಇದೆಯಾ? ಜಾಮೀನು ಯಾರು? ಡಿಕ್ರಿ ಆಗಿದೆಯಾ, ಇನ್ನೂ ಸಮನ್ಸಾ?" ಆಮೇಲೆ ಒಂದು ಪ್ರಶ್ನೆ ಬರಲೇಬೇಕು. "ಕಳೆದ ಎರಡು ವರ್ಷದಲ್ಲಿ ಯಾರ ಹೆಸರಿಗಾದರೂ ಏನಾದರೂ ಬರೆದುಕೊಟ್ಟಿದ್ದೀರಾ? ಹೆಂಡತಿಗೆ ದಾನಪತ್ರ, ಮಗನಿಗೆ ಸೈಟು, ಇಂಥದ್ದು?"

ಈ ಪ್ರಶ್ನೆ ಬರದಿದ್ದರೆ ಆ ವಕೀಲರನ್ನು ಪಟ್ಟಿಯಿಂದ ತೆಗೆದುಬಿಡಿ ಎನ್ನುತ್ತೇನೆ ನಾನು. ಅರ್ಜಿಗೆ ಹಿಂದಿನ ಎರಡು ವರ್ಷದಲ್ಲಿ ನ್ಯಾಯವಾದ ಬೆಲೆ ಪಡೆಯದೆ ಮಾಡಿದ ವರ್ಗಾವಣೆಯನ್ನು ಕೋರ್ಟ್ ರದ್ದು ಮಾಡಬಹುದು. ಮೂರು ತಿಂಗಳೊಳಗೆ ಉಳಿದವರನ್ನು ಬಿಟ್ಟು ಸಾಲ ಕೊಟ್ಟ ಒಬ್ಬರಿಗೆ ಬೇಕೆಂದೇ ಪಾವತಿ ಮಾಡಿದ್ದರೆ ಅದೂ ಬಿದ್ದುಹೋಗುತ್ತದೆ. "ಮೊದಲು ಮನೆ ಹೆಂಡತಿ ಹೆಸರಿಗೆ ಮಾಡಿ, ಆಮೇಲೆ ಅರ್ಜಿ ಹಾಕೋಣ" ಎಂದು ಸಲಹೆ ಕೊಡುವವರೂ ಇದ್ದಾರೆ. ಆಸ್ತಿ ಮುಚ್ಚಿಡುವುದು, ಲೆಕ್ಕ ತಿದ್ದುವುದು ಈ ಕಾನೂನಿನಲ್ಲಿ ಒಂದು ವರ್ಷದವರೆಗೆ ಜೈಲಾಗಬಹುದಾದ ಅಪರಾಧ. ಜೈಲಿಗೆ ಹೋಗುವವರು ನೀವು, ಸಲಹೆ ಕೊಟ್ಟವರಲ್ಲ.

ಈಗ ನೀವು ಕೇಳಬೇಕಾದದ್ದು. ಎಲ್ಲವನ್ನೂ ಕೇಳಬೇಕೆಂದಿಲ್ಲ, ಆದರೆ ಇವು ಮುಖ್ಯ:

- ದಿವಾಳಿ ಅರ್ಜಿ ಹಾಕಿದ್ದೀರಾ ಸಾರ್? ಯಾವ ಕೋರ್ಟಿನಲ್ಲಿ? ಈಗ ಆ ಕೇಸು ಎಲ್ಲಿಗೆ ಬಂದಿದೆ?
- ನನ್ನ ಅರ್ಜಿ ಯಾವ ಕೋರ್ಟಿಗೆ ಹೋಗುತ್ತದೆ? ಯಾಕೆ ಅಲ್ಲಿಗೇ?
- ಬಂಧನದ ವಾರಂಟ್ ಬಂದರೆ ಏನು ಮಾಡುತ್ತೀರಿ?
- ನನ್ನ ಯಾವ ಆಸ್ತಿ ರಿಸೀವರ್ ಕೈಗೆ ಹೋಗುತ್ತದೆ, ಯಾವುದು ಉಳಿಯುತ್ತದೆ?
- ದಿವಾಳಿ ಬಿಟ್ಟು ಬೇರೆ ದಾರಿ ಇದೆಯಾ?

ಒಳ್ಳೆಯ ಉತ್ತರ ಹೇಗಿರುತ್ತದೆ ಎಂದೂ ತಿಳಿದಿರಲಿ. ವಾರಂಟಿನ ಪ್ರಶ್ನೆಗೆ, ಅರ್ಜಿ ಹಾಕಿದ ಕೂಡಲೇ ತಾನಾಗಿ ರಕ್ಷಣೆ ಸಿಗುವುದಿಲ್ಲ, ಅದಕ್ಕೆ ಬೇರೆ ಅರ್ಜಿ ಹಾಕಿ ಆದೇಶ ಪಡೆಯಬೇಕು ಎಂದು ಹೇಳಬೇಕು. ಹಣದ ಡಿಕ್ರಿಗೆ ಹೆಂಗಸರನ್ನು ಬಂಧಿಸುವಂತಿಲ್ಲ ಎಂಬುದು ಅವರಿಗೆ ಗೊತ್ತಿರಬೇಕು. ಪ್ರಾಮಾಣಿಕವಾಗಿ ಕೈಲಾಗದವನನ್ನು ಬರೀ ಸಾಲ ತೀರಿಸಲಿಲ್ಲ ಎಂದು ಜೈಲಿಗೆ ಹಾಕುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1980ರಲ್ಲೇ ಹೇಳಿದ್ದೂ ಬಾಯಿಗೆ ಬರಬೇಕು.

ಆಸ್ತಿಯ ಪ್ರಶ್ನೆಗೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಂ ನೆನಪಾಗಬೇಕು. ಹಣದ ಡಿಕ್ರಿಗೆ ಸಂಬಳದ ಮೊದಲ ಸಾವಿರ ರೂಪಾಯಿ ಮತ್ತು ಉಳಿದದ್ದರಲ್ಲಿ ಮೂರನೇ ಎರಡು ಭಾಗ ಜಪ್ತಿಗೆ ಸಿಗುವುದಿಲ್ಲ. ಪಿಎಫ್ ಸಿಗುವುದಿಲ್ಲ. ಕುಶಲಕರ್ಮಿಯ ಹತಾರ, ರೈತ ವಾಸಿಸುವ ಮನೆ, ಉಳುಮೆಯ ಸಲಕರಣೆಗೂ ರಕ್ಷಣೆ ಇದೆ. ಆದರೆ ಪೇಟೆಯಲ್ಲಿ ಅಂಗಡಿ ಇಟ್ಟವರ ಮನೆಗೆ ಅಂಥ ರಕ್ಷಣೆ ಇಲ್ಲ. ಇದನ್ನು ಹೇಳುವಾಗ ವಕೀಲರು ನಿಮ್ಮ ಮುಖ ನೋಡಿ ಸ್ವಲ್ಪ ತಡವರಿಸಿದರೂ ಪರವಾಗಿಲ್ಲ, ಹೇಳಬೇಕು.

ಕೊನೆಯ ಪ್ರಶ್ನೆಯೇ ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡದು. ಒಟ್ಟು ಸಾಲದಲ್ಲಿ ಮುಕ್ಕಾಲು ಪಾಲು ಅಡಮಾನದ್ದೇ ಆಗಿದ್ದರೆ ದಿವಾಳಿ ಅರ್ಜಿಯಿಂದ ಏನೂ ಸಿಗುವುದಿಲ್ಲ. ಎರಡೇ ಕ್ರೆಡಿಟ್ ಕಾರ್ಡ್ ಆದರೆ ಬ್ಯಾಂಕಿನ ಜೊತೆ ಒನ್ ಟೈಮ್ ಸೆಟಲ್‌ಮೆಂಟ್, ಇಲ್ಲವೇ ಲೋಕ ಅದಾಲತ್ ಸಾಕಾಗಬಹುದು. ವಿಪರೀತ ಬಡ್ಡಿಯ ಕೈಸಾಲಕ್ಕೆ 2004ರ ರಾಜ್ಯ ಕಾಯ್ದೆ ಇದೆ. "ನಿಮಗೆ ಈ ಅರ್ಜಿ ಬೇಡ" ಎಂದು ಹೇಳಿ ಬಂದ ಕೇಸನ್ನು ವಾಪಸ್ ಕಳಿಸುವ ವಕೀಲರು ಸಿಕ್ಕರೆ ಅವರ ನಂಬರು ಇಟ್ಟುಕೊಳ್ಳಿ. ಮುಂದೆ ನಿಜಕ್ಕೂ ಬೇಕಾದಾಗ ಅವರ ಹತ್ತಿರವೇ ಹೋಗಿ.

"ಗ್ಯಾರಂಟಿ ಆಗುತ್ತೆ, ನಾನಿದ್ದೀನಿ" ಎಂಬ ಮಾತಿಗೆ ಮರುಳಾಗಬೇಡಿ. ಜಡ್ಜ್ ಹತ್ತಿರ ಪರಿಚಯ ಇದೆ ಎಂದು ಸೂಚಿಸುವವರ ಹತ್ತಿರ ಎರಡನೇ ಸಲ ಹೋಗಲೇಬೇಡಿ.

ಆರನೆಯದು: ಫೀಸಿನ ಮಾತು

ಫೀಸು ಬೇರೆ, ಖರ್ಚು ಬೇರೆ. ಎರಡನ್ನೂ ಬೇರೆ ಬೇರೆಯಾಗಿ ಬರೆಸಿಕೊಳ್ಳಿ. ದಿವಾಳಿ ಕೇಸಿನಲ್ಲಿ ಖರ್ಚಿನ ಬಾಬ್ತು ಸ್ವಲ್ಪ ಜಾಸ್ತಿಯೇ. ಸಾಲ ಕೊಟ್ಟ ಪ್ರತಿಯೊಬ್ಬರಿಗೂ ನೋಟಿಸು ಹೋಗಬೇಕು, ಹನ್ನೆರಡು ಜನ ಇದ್ದರೆ ಹನ್ನೆರಡು ನೋಟಿಸಿನ ಪ್ರೋಸೆಸ್ ಫೀ. ಮೇಲೆ ಪ್ರಕಟಣೆಯ ಖರ್ಚು, ಟೈಪಿಂಗು, ನೋಟರಿ, ಸರ್ಟಿಫೈಡ್ ಕಾಪಿ.

ಫೀಸಿನಲ್ಲಿ ಏನೇನು ಸೇರಿದೆ ಎಂಬುದು ಇನ್ನೂ ಮುಖ್ಯ. ಅರ್ಜಿ ಹಾಕಿ ದಿವಾಳಿ ಘೋಷಣೆ ಆಗುವವರೆಗೆ ಮಾತ್ರವೋ, ಕೊನೆಯ ಬಿಡುಗಡೆ ಆದೇಶದವರೆಗೋ? ಬಂಧನದಿಂದ ರಕ್ಷಣೆಯ ಅರ್ಜಿ ಸೇರಿದೆಯೋ? ಚೆಕ್ ಬೌನ್ಸ್ ಕೇಸು ಅವರೇ ನೋಡುತ್ತಾರೋ, ಅದಕ್ಕೆ ಬೇರೆ ಫೀಸೋ? ಒಂದೇ ಸಲ ಪೂರ್ತಿ ಕೊಡುವ ಬದಲು ಹಂತ ಹಂತವಾಗಿ ಕೊಡುವುದು ವಾಸಿ. ಅರ್ಜಿ ನಂಬರ್ ಆದಾಗ ಇಷ್ಟು, ನಿಮ್ಮ ಸಾಕ್ಷ್ಯ ಮುಗಿದಾಗ ಇಷ್ಟು, ಹೀಗೆ. ಡೇಟಿಗಿಷ್ಟು ಎಂಬ ಲೆಕ್ಕಕ್ಕೆ ಒಪ್ಪಬೇಡಿ, ಡೇಟು ಮುಂದೆ ಹೋದಷ್ಟೂ ನಿಮಗೆ ಭಾರ. "ಸಾಲದಲ್ಲಿ ಎಷ್ಟು ಉಳಿಸಿಕೊಡುತ್ತೇನೋ ಅದರಲ್ಲಿ ಇಷ್ಟು ಪಾಲು" ಎಂಬ ಒಪ್ಪಂದಕ್ಕೆ ವಕೀಲರ ನಿಯಮಗಳಲ್ಲಿ ಅವಕಾಶವೇ ಇಲ್ಲ. ದುಡ್ಡನ್ನು ಯುಪಿಐ ಅಥವಾ ಚೆಕ್ ಮೂಲಕ ಕೊಟ್ಟರೆ ದಾಖಲೆ ಉಳಿಯುತ್ತದೆ.

ಫೀಸಿಗೆಂದು ಮೀಟರ್ ಬಡ್ಡಿಗೆ ಸಾಲ ಮಾಡುವವರೂ ಇದ್ದಾರೆ. ಆ ಸ್ಥಿತಿ ಬಂದಿದ್ದರೆ 15100ಕ್ಕೆ ಫೋನ್ ಮಾಡಿ.

ಏಳನೆಯದು: ವಕಾಲತ್ತಿಗೆ ಸಹಿ

ವಕಾಲತ್ತು ಅಂದರೆ ನಿಮ್ಮ ಪರ ಕೇಸು ನಡೆಸಲು ವಕೀಲರಿಗೆ ಕೊಡುವ ಅಧಿಕಾರಪತ್ರ. ಒಂದೇ ಹಾಳೆ, ಸಣ್ಣ ಅಕ್ಷರ. ಓದಿ. ರಾಜಿ ಮಾಡಿಕೊಳ್ಳುವ, ಹಣ ಪಡೆಯುವ ಅಧಿಕಾರವನ್ನೂ ಅದರಲ್ಲಿ ಕೊಟ್ಟಿರುತ್ತೀರಿ. ಆ ಸಾಲು ಬೇಡ ಎನಿಸಿದರೆ ಹೊಡೆದುಹಾಕಲು ಹೇಳಿ. ಕೋರ್ಟ್ ಹೆಸರು, ನಿಮ್ಮ ಹೆಸರು ತುಂಬಿದ ಮೇಲೆ ಸಹಿ ಹಾಕಿ. "ಅರ್ಜೆಂಟಿಗೆ ಇರಲಿ" ಎಂದು ಖಾಲಿ ಹಾಳೆಗೋ ಛಾಪಾ ಕಾಗದಕ್ಕೋ ಸಹಿ ಕೇಳಿದರೆ ಕೊಡಬೇಡಿ.

ಅರ್ಜಿ ಇಂಗ್ಲಿಷಿನಲ್ಲಿದ್ದರೆ ಜೂನಿಯರ್ ಹತ್ತಿರ ಕೂತು ಕನ್ನಡದಲ್ಲಿ ಸಾಲು ಸಾಲಾಗಿ ಹೇಳಿಸಿಕೊಳ್ಳಿ. ಅದರಲ್ಲಿರುವುದೆಲ್ಲ ನಿಜ ಎಂದು ಪ್ರಮಾಣ ಮಾಡುವವರು ನೀವು. ಒಂದು ಸಾಲ ಬಿಟ್ಟುಹೋದರೂ, ಊರಿನ ಅರ್ಧ ಎಕರೆ ಜಂಟಿ ಜಮೀನು ಬಿಟ್ಟುಹೋದರೂ ಪಾಟೀಸವಾಲಿನಲ್ಲಿ ಎದುರಿನ ವಕೀಲರು ಅದನ್ನೇ ಹಿಡಿಯುತ್ತಾರೆ.

ಎಂಟನೆಯದು: ವಕೀಲರು ಸರಿಹೋಗದಿದ್ದರೆ

ಕೇಸು ನಂಬರ್ ಆದ ದಿನವೇ ಕೇಸಿನ ಗುರುತಾದ 16 ಅಕ್ಷರದ ಸಿಎನ್‌ಆರ್ ನಂಬರು ಕೇಳಿ ತೆಗೆದುಕೊಳ್ಳಿ. ಅದನ್ನು ಇ-ಕೋರ್ಟ್ಸ್ ಆ್ಯಪಿಗೆ ಹಾಕಿದರೆ ಮುಂದಿನ ಡೇಟು, ಹಿಂದಿನ ಡೇಟಿನಲ್ಲಿ ಏನಾಯಿತು ಎಲ್ಲ ಕಾಣುತ್ತದೆ. ಗುಮಾಸ್ತರಿಗೆ ಫೋನ್ ಮಾಡಿ ಮಾಡಿ ಕೇಳುವ ಕೆಲಸ ತಪ್ಪುತ್ತದೆ. ಒಂದು ಡೇಟು ತಪ್ಪಿದರೆ ಸಿಟ್ಟಾಗಬೇಡಿ. ಕೋರ್ಟಿನಲ್ಲಿ ಕೆಲವೊಮ್ಮೆ ಎರಡು ಹಾಲ್‌ಗಳಲ್ಲಿ ಒಂದೇ ಹೊತ್ತಿಗೆ ಕೂಗುತ್ತಾರೆ. ಪದೇ ಪದೇ ಯಾರೂ ಹಾಜರಿಲ್ಲ ಎಂದು ಕಂಡರೆ ಮಾತಾಡಿ, ಆಗಲೂ ಸರಿಹೋಗದಿದ್ದರೆ ಬದಲಿಸಿ.

ಬದಲಿಸಲು ಹಳೆಯ ವಕೀಲರಿಂದ ಎನ್‌ಒಸಿ (ತಕರಾರಿಲ್ಲ ಎಂಬ ಪತ್ರ) ಪಡೆಯುವುದು ರೂಢಿ. ಕೊಡದಿದ್ದರೆ ಕೋರ್ಟಿಗೆ ಅರ್ಜಿ ಹಾಕಿ ಅನುಮತಿ ಪಡೆಯಬಹುದು. ಫೀಸು ಬಾಕಿ ಇದೆ ಎಂದು ನಿಮ್ಮ ಫೈಲನ್ನು ಹಿಡಿದಿಟ್ಟುಕೊಳ್ಳುವ ಹಕ್ಕು ವಕೀಲರಿಗಿಲ್ಲ, ಸುಪ್ರೀಂ ಕೋರ್ಟ್ 2000ರಲ್ಲಿ ಇದನ್ನು ಸ್ಪಷ್ಟಪಡಿಸಿದೆ. ಸೇವೆ ಸರಿಯಿಲ್ಲ ಎಂದು ಗ್ರಾಹಕರ ಕೋರ್ಟಿಗೆ ಹೋಗುವ ದಾರಿ 2024ರ ಮೇ ತಿಂಗಳ ತೀರ್ಪಿನಿಂದ ಮುಚ್ಚಿದೆ. ವೃತ್ತಿ ದುರ್ನಡತೆಯಾಗಿದ್ದರೆ ರಾಜ್ಯ ವಕೀಲರ ಪರಿಷತ್ತಿಗೆ ದೂರು ಕೊಡಬಹುದು.

ಘೋಷಣೆಯಾದ ಮೇಲೂ ವಕೀಲರು ಬೇಕು

ದಿವಾಳಿ ಎಂದು ಘೋಷಿಸುವ ಆದೇಶದಲ್ಲೇ ಬಿಡುಗಡೆಗೆ ಅರ್ಜಿ ಹಾಕಲು ಕೋರ್ಟ್ ಒಂದು ಗಡುವು ಕೊಡುತ್ತದೆ. ಆ ಗಡುವು ಮೀರಿದರೆ ಘೋಷಣೆಯೇ ರದ್ದಾಗಬಹುದು, ಮತ್ತೆ ಅರ್ಜಿ ಹಾಕಲು ಕೋರ್ಟಿನ ಅನುಮತಿ ಬೇಕಾಗುತ್ತದೆ. "ಚೀಟಿ ಸಿಕ್ಕಿತಲ್ಲ" ಎಂದು ಮನೆಗೆ ಹೋದವರು ಸಿಕ್ಕಿಬೀಳುವುದು ಇಲ್ಲೇ. ಬಿಡುಗಡೆ ಸಿಗುವವರೆಗೆ, ದಿವಾಳಿಯಾಗಿದ್ದೇನೆ ಎಂದು ತಿಳಿಸದೆ ಐವತ್ತು ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ಸಾಲ ಪಡೆದರೂ ಅಪರಾಧ. ಚುನಾವಣೆಗೆ ನಿಲ್ಲುವ ಆಸೆ ಇದ್ದವರಿಗೆ ಶಾಸಕ, ಸಂಸದ ಸ್ಥಾನಗಳ ಬಾಗಿಲೂ ಮುಚ್ಚಿರುತ್ತದೆ.

ಬಿಡುಗಡೆ ಅರ್ಜಿಯ ದಿನ ಕೋರ್ಟ್ ನಿಮ್ಮ ನಡತೆ ನೋಡುತ್ತದೆ. ಲೆಕ್ಕದ ಪುಸ್ತಕ ಇಟ್ಟಿದ್ದಿರಾ, ಜೂಜು ಅಥವಾ ಸಟ್ಟಾ ಆಡಿ ಕಳೆದಿರಾ, ತೀರಿಸಲಾಗದು ಎಂದು ಗೊತ್ತಿದ್ದೂ ಸಾಲ ಮಾಡಿದಿರಾ ಎಂದು ಕೇಳುತ್ತದೆ. ನಿಮ್ಮ ಆಸ್ತಿಯಿಂದ ಸಾಲದ ರೂಪಾಯಿಗೆ ಎಂಟಾಣೆಯಾದರೂ ಹುಟ್ಟದಿದ್ದರೆ, ಅದು ನಿಮ್ಮ ತಪ್ಪಿನಿಂದ ಆದದ್ದಲ್ಲ ಎಂದು ತೋರಿಸಬೇಕು. ಕಾನೂನಿನಲ್ಲಿ ಇನ್ನೂ ಎಂಟಾಣೆ ಎಂದೇ ಇದೆ. ಕಾಯಿಲೆ, ಬೆಂಕಿ, ಲಾಕ್‌ಡೌನ್, ಪಾಲುದಾರನ ಮೋಸ, ಕಾರಣ ಏನೇ ಇರಲಿ, ಅದರ ದಾಖಲೆಗಳನ್ನು ಮೊದಲ ಅರ್ಜಿಯ ಜೊತೆಗೇ ಸೇರಿಸುವ ವಕೀಲರು ಈ ದಿನವನ್ನು ಮೊದಲೇ ಯೋಚಿಸಿರುತ್ತಾರೆ. ಆದೇಶ ಕೈಗೆ ಬಂದಾಗ ನಕಲು ವಿಭಾಗದಿಂದ ಮೂರ್ನಾಲ್ಕು ಸರ್ಟಿಫೈಡ್ ಕಾಪಿ ತೆಗೆಸಿಕೊಳ್ಳಿ. ಹಿಂದೆ ಸಾಲ ಕೊಟ್ಟವರು ಮತ್ತೆ ಬಂದರೆ, ಬ್ಯಾಂಕಿನವರು ಸಿಬಿಲ್ ದಾಖಲೆ ಬಗ್ಗೆ ಕೇಳಿದರೆ, ಅದನ್ನೇ ಕೊಡಬೇಕಾಗುತ್ತದೆ.